ಒಂದೇ ಹಲಗೆ, ಇಬ್ಬರ ಬರಹ: ಕಂಪ್ಯೂಟರ್ ಪರದೆಯ ಬಣ್ಣದ ಚರಿತ್ರೆ

ಗೌರಿಬಿದನೂರಿನ ಬಳಿ ಬಯಲಿನಲ್ಲಿ ಸಾಲುಸಾಲಾಗಿ ನಿಂತಿರುವ ಆಂಟೆನಾಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಕೂಡಿ 1976ರಲ್ಲಿ ಇಲ್ಲಿ 34.5 ಮೆಗಾಹರ್ಟ್ಸ್ ಆವೃತ್ತಿಯ ರೇಡಿಯೊ ದೂರದರ್ಶಕವನ್ನು ಕಾರ್ಯಾರಂಭಗೊಳಿಸಿದವು. 1997ರಲ್ಲಿ ಸೂರ್ಯನ ಪ್ರಭಾವಲಯವನ್ನು ರೇಡಿಯೊ ತರಂಗಗಳಲ್ಲಿ ಚಿತ್ರಿಸುವ ರೇಡಿಯೊ ಹೀಲಿಯೊಗ್ರಾಫ್ ಬಂತು. 34.5 ಮೆಗಾಹರ್ಟ್ಸ್ ಅಲೆಯ ತರಂಗದೂರ ಸುಮಾರು 8.7 ಮೀಟರ್. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗದೂರವಾದರೋ ಸುಮಾರು 400ರಿಂದ 700 ನ್ಯಾನೊಮೀಟರ್. ಅಂದರೆ ರೇಡಿಯೊ ಅಲೆಗೆ ಬಣ್ಣವೆಂಬುದೇ ಇಲ್ಲ. ಆದರೂ ರೇಡಿಯೊ ಸೂರ್ಯನ ಚಿತ್ರಗಳು ಕೆಂಪು, ಹಳದಿ, ನೀಲಿ ಬಣ್ಣಗಳಲ್ಲಿ ಅಚ್ಚಾಗುತ್ತವೆ. ಈ ಬಣ್ಣ ಎಲ್ಲಿಂದ ಬಂತು?

ಉತ್ತರ ಸರಳ. ಒಂದು ಕೋಷ್ಟಕದಿಂದ ಬಂತು. ಇಷ್ಟು ತೀವ್ರತೆಗೆ ಈ ಬಣ್ಣ, ಅಷ್ಟು ತೀವ್ರತೆಗೆ ಆ ಬಣ್ಣ ಎಂದು ವಿಜ್ಞಾನಿಯೇ ಬರೆದಿಟ್ಟ ಪಟ್ಟಿ ಅದು. ಪಟ್ಟಿಯನ್ನು ಬದಲಿಸಿದರೆ ಅದೇ ಸೂರ್ಯ ಬೇರೆ ಬಣ್ಣ ತಾಳುತ್ತಾನೆ. ಅಳತೆ ಮಾತ್ರ ಒಂದಿಷ್ಟೂ ಬದಲಾಗುವುದಿಲ್ಲ.

ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿಯೂ ಇಂಥದೇ ಒಂದು ಕೋಷ್ಟಕವಿದೆ. ಸ್ಮೃತಿಯಲ್ಲಿರುವ ಸಂಖ್ಯೆಯನ್ನು ಪರದೆಯ ಬೆಳಕಾಗಿಸುವ ಹಾದಿಯಲ್ಲಿ, ಗ್ರಾಫಿಕ್ಸ್ ಕಾರ್ಡಿನೊಳಗೆ ಅದು ಕುಳಿತಿದೆ. ವಿದ್ಯಾರ್ಥಿಯೊಬ್ಬ ಪೂರ್ಣಪರದೆಯಲ್ಲಿ ಆಟವೊಂದನ್ನು ತೆರೆದೊಡನೆ ಪರದೆಯ ಬಣ್ಣ ಥಟ್ಟನೆ ಬದಲಾಗುವುದು, ಆಟ ಮುಗಿದ ಮೇಲೂ ಬಿಳಿಯ ಭಾಗ ನೀಲಿಯಾಗಿಯೋ ಮಂಕಾಗಿಯೋ ಉಳಿಯುವುದು ನಿಮ್ಮ ಗಮನಕ್ಕೆ ಬಂದಿರಬಹುದು. 'ಮಾನಿಟರ್ ಕೆಟ್ಟಿದೆ' ಎಂದು ಅನೇಕರು ತೀರ್ಮಾನಿಸುತ್ತಾರೆ. ಮಾನಿಟರ್ ಕೆಟ್ಟಿಲ್ಲ. ಆ ಕೋಷ್ಟಕವನ್ನು ಯಾರೋ ಅಳಿಸಿ ಬರೆದಿದ್ದಾರೆ. ಒಂದೇ ಹಲಗೆಯ ಮೇಲೆ ಬರೆಯುವ ಹಕ್ಕು ಇಬ್ಬರಿಗೆ ಹೇಗೆ ಬಂತು ಎಂಬುದು ಸ್ವಾರಸ್ಯವಾದ ಚರಿತ್ರೆ. ಬನ್ನಿ, ಅದನ್ನು ಮೊದಲಿನಿಂದ ನೋಡೋಣ.

ಬಣ್ಣಕ್ಕೆ ಸಂಖ್ಯೆ ಕೊಟ್ಟವರು

ಬಿಳಿಯ ಬೆಳಕು ಹಲವು ಬಣ್ಣಗಳ ಮಿಶ್ರಣವೆಂದು ನ್ಯೂಟನ್ ಪಟ್ಟಕದ ಮೂಲಕ ತೋರಿಸಿದ್ದು ನಿಮಗೆ ಗೊತ್ತೇ ಇದೆ. ಕಣ್ಣು ಈ ಎಲ್ಲ ಬಣ್ಣಗಳನ್ನೂ ಬೇರೆಬೇರೆಯಾಗಿ ಅಳೆಯಬೇಕಿಲ್ಲ, ಮೂರು ಬಗೆಯ ಗ್ರಾಹಕಗಳಿದ್ದರೆ ಸಾಕು ಎಂಬ ಊಹೆಯನ್ನು 19ನೆಯ ಶತಮಾನದ ಆರಂಭದಲ್ಲಿ ಥಾಮಸ್ ಯಂಗ್ ಮಂಡಿಸಿದ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅದಕ್ಕೆ ಪ್ರಯೋಗದ ಬಲ ತಂದುಕೊಟ್ಟ. ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ತೆಗೆದ ಮೂರು ಕಪ್ಪುಬಿಳುಪು ಚಿತ್ರಗಳನ್ನು ಅದೇ ಬಣ್ಣದ ಬೆಳಕಿನಲ್ಲಿ ಒಂದರ ಮೇಲೊಂದು ಬೀಳಿಸಿ 1861ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಆತ ಬಣ್ಣದ ಚಿತ್ರವನ್ನು ತೋರಿಸಿದ. ಇಂದಿನ ಪ್ರತಿಯೊಂದು ಮಾನಿಟರ್ ಮಾಡುತ್ತಿರುವುದೂ ಇದನ್ನೇ.

ಆದರೆ 'ಕೆಂಪು' ಎಂದರೆ ಯಾವ ಕೆಂಪು? ಎಷ್ಟು ಕೆಂಪು? 1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಡೇವಿಡ್ ರೈಟ್ 10 ಮಂದಿ ವೀಕ್ಷಕರನ್ನೂ ಜಾನ್ ಗಿಲ್ಡ್ 7 ಮಂದಿಯನ್ನೂ ಕೂರಿಸಿ, ಒಂದೊಂದು ತರಂಗದೂರದ ಬೆಳಕಿಗೂ ಸರಿಹೊಂದುವ ಮೂರು ಬೆಳಕುಗಳ ಪ್ರಮಾಣವನ್ನು ಅಳೆದರು. ಇಬ್ಬರ ಫಲಿತಾಂಶಗಳೂ ಚೆನ್ನಾಗಿ ತಾಳೆಯಾದವು. ಈ 17 ಜನರ ಕಣ್ಣಿನ ಆಧಾರದ ಮೇಲೆ ಅಂತಾರಾಷ್ಟ್ರೀಯ ದೀಪನ ಆಯೋಗವು 1931ರಲ್ಲಿ 'ಪ್ರಮಾಣಿತ ವೀಕ್ಷಕ'ನನ್ನು ರೂಪಿಸಿತು. ಅಂದಿನಿಂದ ಯಾವುದೇ ಬಣ್ಣವನ್ನು ಮೂರು ಸಂಖ್ಯೆಗಳಲ್ಲಿ ಹೇಳುವುದು ಸಾಧ್ಯವಾಯಿತು. ಇಂದು ಮಾನಿಟರನ್ನು ಅಳೆಯುವ ಉಪಕರಣಗಳೂ ಆ ಕೋಷ್ಟಕವನ್ನೇ ನೆಚ್ಚಿಕೊಂಡಿವೆ.

ನಮ್ಮ ಸಿ. ವಿ. ರಾಮನ್ ಅವರೂ ಬದುಕಿನ ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಹೂವುಗಳ ಬಣ್ಣ ಮತ್ತು ದೃಷ್ಟಿಯ ಅಧ್ಯಯನದಲ್ಲಿ ಮುಳುಗಿದ್ದರು. 'ದ ಫಿಸಿಯಾಲಜಿ ಆಫ್ ವಿಷನ್' ಎಂಬ ಅವರ ಗ್ರಂಥ 1968ರಲ್ಲಿ ಪ್ರಕಟವಾಯಿತು. ಮೂರು ಗ್ರಾಹಕಗಳ ಸಿದ್ಧಾಂತವನ್ನು ಅವರು ಒಪ್ಪಿರಲಿಲ್ಲ. ಕಣ್ಣಿನ ಶಂಕುಕೋಶಗಳ ನೇರ ಅಳತೆಗಳು ಆ ಸಿದ್ಧಾಂತವನ್ನೇ ಎತ್ತಿಹಿಡಿದಿವೆ. ಆದರೆ ಬಣ್ಣವನ್ನು ಭೌತವಿಜ್ಞಾನಿಯೂ ಗಂಭೀರವಾಗಿ ವಿಚಾರಿಸಬೇಕು ಎಂಬ ಅವರ ನಿಲುವು ಇಂದಿಗೂ ಸಲ್ಲುತ್ತದೆ.

ಸಂಖ್ಯೆ ಬೆಳಕಾಗುವ ಬಗೆ

1897ರಲ್ಲಿ ಜರ್ಮನಿಯ ಫರ್ಡಿನೆಂಡ್ ಬ್ರೌನ್ ಕ್ಯಾಥೋಡ್ ಕಿರಣ ನಳಿಕೆಯನ್ನು ರಚಿಸಿದ. ಟೆಲಿವಿಷನ್ನೂ ಹಿಂದಿನ ಕಾಲದ ಡಬ್ಬಿಯಂಥ ಮಾನಿಟರೂ ಅದರ ಮಕ್ಕಳು. ಈ ನಳಿಕೆಯ ಒಂದು ಗುಣವನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಅದಕ್ಕೆ ಕೊಡುವ ವಿಭವವನ್ನು ಎರಡು ಪಟ್ಟು ಮಾಡಿದರೆ ಬೆಳಕು ಎರಡು ಪಟ್ಟು ಆಗುವುದಿಲ್ಲ, ನಾಲ್ಕು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಬೆಳಕು ವಿಭವದ ಸುಮಾರು 2.2ರಿಂದ 2.5ನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಈ ಘಾತಸೂಚಿಗೆ ಗ್ಯಾಮಾ ಎಂದು ಹೆಸರು.

ಲೆಕ್ಕ ಹಾಕಿ ನೋಡಿ. ಕಂಪ್ಯೂಟರಿನಲ್ಲಿ ಒಂದು ಬಣ್ಣದ ಮಟ್ಟ 0ಯಿಂದ 255ರವರೆಗೆ ಇರುತ್ತದೆ. ನಟ್ಟನಡುವಿನ 128ನ್ನು ಕೊಟ್ಟರೆ ಅರ್ಧ ಬೆಳಕು ಬರಬೇಕೆಂದು ನಾವು ಎಣಿಸುತ್ತೇವೆ. ಗ್ಯಾಮಾ 2.2 ಇರುವ ಪರದೆಯಲ್ಲಿ ಬರುವುದು ಸುಮಾರು ಶೇಕಡಾ 22 ಮಾತ್ರ. ಅರ್ಧ ಬೆಳಕು ಬೇಕಿದ್ದರೆ 186 ಕೊಡಬೇಕು. ಇದು ದೋಷವಲ್ಲ, ಕಣ್ಣೂ ಮಂದ ಬೆಳಕಿನ ಸಣ್ಣ ವ್ಯತ್ಯಾಸಗಳನ್ನು ಹೆಚ್ಚು ಸೂಕ್ಷ್ಮವಾಗಿ ಗುರುತಿಸುವುದರಿಂದ ಇರುವ 256 ಮಟ್ಟಗಳು ಹದವಾಗಿ ಹಂಚಿಕೆಯಾಗುತ್ತವೆ. ತೊಂದರೆ ಬೇರೆಡೆ ಇದೆ. ಗ್ಯಾಮಾ ಒಂದು ಮಾನಿಟರಿನಲ್ಲಿ 2.2, ಇನ್ನೊಂದರಲ್ಲಿ 2.5, ಒಂದರ ಬಿಳಿ ತುಸು ನೀಲಿ, ಇನ್ನೊಂದರ ಬಿಳಿ ತುಸು ಹಳದಿ. ಒಂದೇ ಸಂಖ್ಯೆ, ಎರಡು ಬಣ್ಣ.

ಇದನ್ನು ಸರಿಪಡಿಸುವ ಕೆಲಸಕ್ಕೆ ಕ್ಯಾಲಿಬ್ರೇಶನ್ ಎಂದು ಹೆಸರು. ನಮ್ಮ ಪ್ರಯೋಗಾಲಯದ ಮಾತಿನಲ್ಲಿ ಅಂಶಾಂಕನ. ಗೊತ್ತಿರುವ ಒಂದರ ಎದುರು ಉಪಕರಣವನ್ನು ಹಿಡಿದು ಅದರ ವ್ಯತ್ಯಾಸವನ್ನು ಕಂಡುಕೊಂಡು ತಿದ್ದುವುದು. ರೇಡಿಯೊ ಖಗೋಳಜ್ಞರು ಸಿಗ್ನಸ್-ಎ ಯಂಥ, ಮೊದಲೇ ಅಳೆದು ಗೊತ್ತಿರುವ ಪ್ರಬಲ ಆಕರಗಳತ್ತ ಆಂಟೆನಾಗಳನ್ನಿಟ್ಟು ತಿದ್ದಿಕೊಳ್ಳುತ್ತಾರೆ. ವರ್ನಿಯರ್ ಕ್ಯಾಲಿಪರ್ಸ್ ಹಿಡಿಯುವ ವಿದ್ಯಾರ್ಥಿ ಮೊದಲು ಶೂನ್ಯ ದೋಷವನ್ನು ನೋಡುತ್ತಾನೆ. ಎರಡೂ ಒಂದೇ ಶಿಸ್ತು.

ಮೊದಲು ಬಂದವರು ಆಟದವರು

ಭಾರತದಲ್ಲಿ ದೂರದರ್ಶನ 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ, ಬಣ್ಣಕ್ಕೆ ತಿರುಗಿತು. ಅದರ ಹಿಂದಿನ ವರ್ಷ ಅಮೆರಿಕದಲ್ಲಿ ಬಿಡುಗಡೆಯಾದ ಐಬಿಎಂ ಪಿಸಿಯ ಬಣ್ಣದ ಕಾರ್ಡು 320×200 ಚುಕ್ಕೆಗಳ ಚಿತ್ರದಲ್ಲಿ ಒಮ್ಮೆಗೆ ನಾಲ್ಕೇ ಬಣ್ಣ ತೋರಿಸುತ್ತಿತ್ತು. 1987ರಲ್ಲಿ ವಿಜಿಎ ಬಂದಾಗ ಒಮ್ಮೆಗೆ 256 ಬಣ್ಣಗಳು ಸಾಧ್ಯವಾದವು. ನಮ್ಮ ಕೋಷ್ಟಕದ ಕಥೆ ಪಿಸಿಯ ಮಟ್ಟಿಗೆ ನಿಜವಾಗಿ ಆರಂಭವಾಗುವುದು ಇಲ್ಲಿ.

ವಿಜಿಎಯಲ್ಲಿ ಪ್ರತಿ ಚುಕ್ಕೆಗೆ ಒಂದು ಬೈಟ್, ಅಂದರೆ 0ಯಿಂದ 255ರ ನಡುವಿನ ಒಂದು ಸಂಖ್ಯೆ. ಆ ಸಂಖ್ಯೆ ಬಣ್ಣವಲ್ಲ, ಕೋಷ್ಟಕದ ಒಂದು ಸಾಲಿನ ವಿಳಾಸ. ಆ ಸಾಲಿನಲ್ಲಿ ಕೆಂಪು, ಹಸಿರು, ನೀಲಿಗೆ ತಲಾ 6 ಬಿಟ್‌ಗಳ ಬೆಲೆ ಬರೆದಿರುತ್ತದೆ. 64×64×64, ಒಟ್ಟು 2,62,144 ಬಣ್ಣಗಳಲ್ಲಿ ಯಾವ 256 ಬೇಕೋ ಅವನ್ನು ಆರಿಸಿ ಬರೆಯಬಹುದು. ರೇಡಿಯೊ ಸೂರ್ಯನಿಗೆ ಬಣ್ಣ ಹಚ್ಚುವ ಪಟ್ಟಿಯೂ ಇದೇ ತತ್ವದ್ದು.

ಆಟ ರಚಿಸುವವರು ಇದರ ಲಾಭವನ್ನು ಕೂಡಲೇ ಕಂಡುಕೊಂಡರು. ಇಡೀ ಚಿತ್ರವನ್ನು ಕತ್ತಲು ಮಾಡಲು 64,000 ಚುಕ್ಕೆಗಳನ್ನು ಬದಲಿಸಬೇಕಿಲ್ಲ. 256 ಸಾಲುಗಳನ್ನು ಬದಲಿಸಿದರೆ ಸಾಕು. ನೀರು ಹರಿಯುವಂತೆ, ಬೆಂಕಿ ಕುಣಿಯುವಂತೆ ತೋರಿಸಲು ಚಿತ್ರವನ್ನು ಮುಟ್ಟದೆ ಕೋಷ್ಟಕದ ಕೆಲವು ಸಾಲುಗಳನ್ನು ಸುತ್ತಿಸಿದರೆ ಆಯಿತು. 1993ರ 'ಡೂಮ್' ಆಟದಲ್ಲಿ ಆಟಗಾರನಿಗೆ ಪೆಟ್ಟು ಬಿದ್ದೊಡನೆ ಪರದೆಯೆಲ್ಲ ಕೆಂಪಾಗುತ್ತಿದ್ದುದು ಕೋಷ್ಟಕ ಬದಲಾವಣೆಯಿಂದಲೇ. ಮಂದವಾಗಿ ಕಾಣುವ ಮಾನಿಟರುಗಳಿಗಾಗಿ ಅದರಲ್ಲಿ ಗ್ಯಾಮಾ ಹೆಚ್ಚಿಸುವ ಒಂದು ಕೀಲಿಯೂ ಇತ್ತು. ಆ ಕಾಲದಲ್ಲಿ ಆಟ ಓಡುವಾಗ ಇಡೀ ಯಂತ್ರ ಆಟದ್ದೇ. ಕೋಷ್ಟಕವನ್ನು ಕೇಳುವವರು ಬೇರೆ ಯಾರೂ ಇರಲಿಲ್ಲ. ಪರದೆ ಪೂರ್ತಿ ತನ್ನದು ಎಂಬ ಅಭ್ಯಾಸ ಹುಟ್ಟಿದ್ದು ಹೀಗೆ.

ಆಮೇಲೆ ಬಂದವರು ಅಳೆಯುವವರು

ಇದೇ ಹೊತ್ತಿಗೆ ಮುದ್ರಣ ಕ್ಷೇತ್ರ ಕಂಪ್ಯೂಟರಿಗೆ ಬರುತ್ತಿತ್ತು. ಪರದೆಯಲ್ಲಿ ಕಂಡ ಬಣ್ಣ ಕಾಗದದ ಮೇಲೆ ಬರಲಿಲ್ಲವೆಂದರೆ ಅಚ್ಚಾದ ಸಾವಿರಾರು ಪ್ರತಿಗಳು ವ್ಯರ್ಥ. ಅಡೋಬ್, ಆಪಲ್, ಕೊಡಾಕ್, ಮೈಕ್ರೋಸಾಫ್ಟ್ ಸೇರಿದಂತೆ ಎಂಟು ಸಂಸ್ಥೆಗಳು ಕೂಡಿ 1993ರಲ್ಲಿ ಅಂತಾರಾಷ್ಟ್ರೀಯ ವರ್ಣ ಒಕ್ಕೂಟವನ್ನು ಕಟ್ಟಿದವು. 'ಐಸಿಸಿ ಪ್ರೊಫೈಲ್' ಎಂಬ ಕಡತ ಅದರ ಕೊಡುಗೆ. 1996ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ 'ಎಸ್‌ಆರ್‌ಜಿಬಿ' ಎಂಬ ಸಾಮಾನ್ಯ ಬಣ್ಣದ ಒಪ್ಪಂದವನ್ನು ಮುಂದಿಟ್ಟವು. 1999ರಲ್ಲಿ ಅದು ಅಂತಾರಾಷ್ಟ್ರೀಯ ಮಾನಕವಾಯಿತು. ಬಿಳಿ ಎಂದರೆ ಸುಮಾರು 6500 ಕೆಲ್ವಿನ್ ವರ್ಣತಾಪದ ಹಗಲ ಬೆಳಕಿನಂಥದು, ಗ್ಯಾಮಾ ಸರಿಸುಮಾರು 2.2 ಎಂಬುದು ಅದರ ಸಾರ.

ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ಅಂಶಾಂಕನವು ಪರದೆಯ ನಡತೆಯನ್ನೇ ತಿದ್ದುತ್ತದೆ. ಪ್ರೊಫೈಲ್ ತಿದ್ದುವುದಿಲ್ಲ, ತಿದ್ದಿದ ಮೇಲೆ ಪರದೆ ಹೇಗಿದೆ ಎಂಬುದನ್ನು ವಿವರಿಸುತ್ತದೆ. ಗಡಿಯಾರಕ್ಕೆ ಹೋಲಿಸಿ: ಮುಳ್ಳನ್ನು ತಿರುಗಿಸಿ ಸರಿ ಮಾಡುವುದು ಅಂಶಾಂಕನ, 'ಈ ಗಡಿಯಾರ ಎರಡು ನಿಮಿಷ ಮುಂದಿದೆ' ಎಂದು ಚೀಟಿ ಅಂಟಿಸುವುದು ಪ್ರೊಫೈಲ್. ಚೀಟಿಯನ್ನು ಓದುವವರಿಗೆ ಮಾತ್ರ ಅದು ಉಪಯುಕ್ತ. ಚಿತ್ರ ತಿದ್ದುವ ತಂತ್ರಾಂಶಗಳು ಓದುತ್ತವೆ, ಬಹುಪಾಲು ಆಟಗಳು ಓದುವುದಿಲ್ಲ.

ಅಂಶಾಂಕನದ ತಿದ್ದುಪಡಿಯನ್ನು ಎಲ್ಲಿ ಬರೆದಿಡಬೇಕು? ಆ ಹೊತ್ತಿಗೆ 256 ಬಣ್ಣಗಳ ಕಾಲ ಮುಗಿದು ಪ್ರತಿ ಚುಕ್ಕೆಗೆ 24 ಬಿಟ್, ಅಂದರೆ 1.67 ಕೋಟಿ ಬಣ್ಣಗಳು ಬಂದಿದ್ದವು. ಬಣ್ಣ ಆರಿಸಲು ಕೋಷ್ಟಕ ಬೇಕಿರಲಿಲ್ಲ. ಆದರೆ ಕಾರ್ಡಿನಲ್ಲಿ ಕೋಷ್ಟಕವಿತ್ತು. ಕೆಂಪಿಗೆ 256, ಹಸಿರಿಗೆ 256, ನೀಲಿಗೆ 256 ಸಾಲು. ಅಳೆಯುವವರು ಅದನ್ನು ಬಳಸಿಕೊಂಡರು. ಬೆಳಕಿನ ಸಂವೇದಕವೊಂದನ್ನು ಪರದೆಗೆ ಒರಗಿಸಿ, ಬೂದು ಬಣ್ಣದ ಮಟ್ಟಗಳನ್ನು ಒಂದೊಂದಾಗಿ ತೋರಿಸಿ ಅಳೆದು, ಬೇಕಾದ ತಿದ್ದುಪಡಿಯನ್ನು ಈ ಸಾಲುಗಳಲ್ಲಿ ಬರೆದರು. ಪರದೆಯ ನೀಲಿ ಹೆಚ್ಚಿದ್ದರೆ ನೀಲಿಯ ಸಾಲುಗಳ ಬೆಲೆ ಕಡಿಮೆ ಮಾಡಿದರಾಯಿತು. ಆಟದ ಬೆಂಕಿ ಕುಣಿಸಿದ್ದ ಹಲಗೆ ಹೀಗೆ ಅಳತೆಯ ಹಲಗೆಯೂ ಆಯಿತು. ಹಲಗೆ ಮಾತ್ರ ಒಂದೇ ಉಳಿಯಿತು.

ಪೂರ್ಣಪರದೆಯ ಘರ್ಷಣೆ

ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಈ ಕೋಷ್ಟಕವನ್ನು ಬರೆಯಲು 'ಸೆಟ್ ಡಿವೈಸ್ ಗ್ಯಾಮಾ ರ‍್ಯಾಂಪ್' ಎಂಬ ಆದೇಶವಿದೆ. ಯಾವ ತಂತ್ರಾಂಶವಾದರೂ ಅದನ್ನು ಕರೆಯಬಹುದು. ಮೊದಲು ಬರೆದವರನ್ನು ಕೇಳಬೇಕಿಲ್ಲ. ಕೊನೆಯಲ್ಲಿ ಬರೆದವರ ಬರಹವೇ ಉಳಿಯುತ್ತದೆ.

1999ರ ಕೊನೆಯಲ್ಲಿ ಬಂದ 'ಕ್ವೇಕ್ 3' ಆಟ ಇದಕ್ಕೆ ಒಳ್ಳೆಯ ಉದಾಹರಣೆ. 2005ರಲ್ಲಿ ಅದರ ಮೂಲ ಸಂಕೇತವನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಿದ್ದರಿಂದ ಒಳಗಿನ ಲೆಕ್ಕಾಚಾರವನ್ನು ನಾವೇ ಓದಬಹುದು. ಪೂರ್ಣಪರದೆಯಲ್ಲಿ ಓಡುವಾಗ ಆಟವು ತನಗೆ ಬೇಕಾದ ಹೊಳಪನ್ನು ಕೋಷ್ಟಕದಲ್ಲಿ ಬರೆಯುತ್ತದೆ. ಶುರುವಾಗುವಾಗ ಹಳೆಯ ಕೋಷ್ಟಕದ ನಕಲು ತೆಗೆದಿಟ್ಟು, ಮುಗಿಯುವಾಗ ಅದನ್ನು ಹಿಂದಿರುಗಿಸುತ್ತದೆ. ಇಷ್ಟು ಸೌಜನ್ಯ ಅದಕ್ಕಿತ್ತು. ಆದರೆ ಆಟ ನಡುವೆಯೇ ಕುಸಿದು ನಿಂತರೆ? ಹಿಂದಿರುಗಿಸುವ ಅವಕಾಶವೇ ಇಲ್ಲ. ಬರೆದವರು ಇದನ್ನೂ ಯೋಚಿಸಿದ್ದರು. ಮುಂದಿನ ಬಾರಿ ಶುರುವಾಗುವಾಗ ಆಟವು ಕೋಷ್ಟಕವನ್ನು ಪರೀಕ್ಷಿಸುತ್ತದೆ. 181ನೆಯ ಮಟ್ಟದಲ್ಲೇ ಬೆಲೆ ಗರಿಷ್ಠ ಮುಟ್ಟಿದ್ದರೆ, 'ಇದು ಹಿಂದಿನ ಕುಸಿತದ ಪಳೆಯುಳಿಕೆ' ಎಂದು ಶಂಕಿಸಿ, ಹಿಂದಿರುಗಿಸಲು ನೇರ ಗೆರೆಯ ಕೋಷ್ಟಕವೊಂದನ್ನು ಇಟ್ಟುಕೊಳ್ಳುತ್ತದೆ. ಸಾಮಾನ್ಯ ಬಳಕೆದಾರನಿಗೆ ಇದು ಉಪಕಾರವೇ. ಅಂಶಾಂಕನ ಮಾಡಿಕೊಂಡವನಿಗೆ ನೇರ ಗೆರೆ ಎಂದರೆ ಎಲ್ಲ ತಿದ್ದುಪಡಿಯೂ ಅಳಿಸಿಹೋದಂತೆ.

ಮೈಕ್ರೋಸಾಫ್ಟಿನವರಿಗೂ ಈ ಘರ್ಷಣೆ ತಿಳಿದಿತ್ತು. 2000ದಲ್ಲಿ ಬಂದ ಡೈರೆಕ್ಟ್‌ಎಕ್ಸ್ 8ರಲ್ಲಿ ಆಟಗಳು ಗ್ಯಾಮಾ ಬರೆಯುವಾಗ ಎರಡು ಆಯ್ಕೆಗಳಿದ್ದವು. ಒಂದು, ನನ್ನ ಕೋಷ್ಟಕವನ್ನು ಹಾಗೆಯೇ ಕಳಿಸು. ಇನ್ನೊಂದು, ಅಂಶಾಂಕನ ತಂತ್ರಾಂಶವಿದ್ದರೆ ಅದರ ತಿದ್ದುಪಡಿಯನ್ನೂ ಸೇರಿಸಿ ಕಳಿಸು. ಆಯ್ಕೆಯನ್ನು ಆಟ ಬರೆಯುವವನಿಗೆ ಬಿಡಲಾಯಿತು. ಈ ಸೌಲಭ್ಯ ಪೂರ್ಣಪರದೆಯಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು, ಕಿಟಕಿಯಲ್ಲಿ ಓಡುವ ಆಟಕ್ಕೆ ಇರಲಿಲ್ಲ. ಕಿಟಕಿಯಲ್ಲಿ ಸರಿಯಾಗಿರುವ ಬಣ್ಣ ಪೂರ್ಣಪರದೆಗೆ ಹೋದೊಡನೆ ಏಕೆ ಬದಲಾಗುತ್ತದೆ ಎಂಬ ಪ್ರಶ್ನೆಗೆ ಇಲ್ಲಿದೆ ಉತ್ತರ.

ಆಟದ ಬಣ್ಣ ಹೇಗಿದ್ದರೇನು ಎಂದು ನೀವು ಕೇಳಬಹುದು. ಆಟವನ್ನು ರಚಿಸುವವರಿಗೆ ಅದು ಜೀವನೋಪಾಯ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಲ ಆಟ ರಚನಾ ಸಂಸ್ಥೆಗಳಲ್ಲಿ ಒಂದು. ವಿದೇಶದ ಸಂಸ್ಥೆಗಳ ಆಟಗಳಿಗೆ ವಾಹನ, ಪಾತ್ರ, ದೃಶ್ಯಗಳನ್ನು ಅಲ್ಲಿಯ ಕಲಾವಿದರು ರಚಿಸಿಕೊಡುತ್ತಿದ್ದರು. 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡಿತು. ಇಂಥ ಕೆಲಸದಲ್ಲಿ ಬೆಂಗಳೂರಿನ ಪರದೆಯ ಮೇಲೆ ಹಚ್ಚಿದ ಬಣ್ಣ ಸಾವಿರಾರು ಮೈಲಿ ಆಚೆಯ ಪರದೆಯಲ್ಲಿಯೂ ಅದೇ ಬಣ್ಣವಾಗಿರಬೇಕು.

ಚಪ್ಪಟೆ ಪರದೆಯೂ ಬೆಂಗಳೂರೂ

2000ದ ದಶಕದಲ್ಲಿ ಡಬ್ಬಿಯಂಥ ಮಾನಿಟರುಗಳು ಹಿಂದೆ ಸರಿದು ದ್ರವಸ್ಫಟಿಕದ ಚಪ್ಪಟೆ ಪರದೆಗಳು ಬಂದವು. ಇದರಲ್ಲಿ ನಮ್ಮ ನಾಡಿನ ಪಾಲೂ ಇದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರು ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು 1977ರಲ್ಲಿ ತೋರಿಸಿದರು. ಅದುವರೆಗೆ ಕಡ್ಡಿಯಾಕಾರದ ಅಣುಗಳಷ್ಟೇ ಗೊತ್ತಿದ್ದವು. ಈ ಚಂದ್ರಶೇಖರ್, ನಕ್ಷತ್ರಗಳ ಅಧ್ಯಯನಕ್ಕೆ ನೊಬೆಲ್ ಪಡೆದ ಚಂದ್ರಶೇಖರ್ ಅಲ್ಲ, ಹೆಸರಿನಿಂದ ಗೊಂದಲವಾಗದಿರಲಿ.

ಮೊದಲ ಚಪ್ಪಟೆ ಪರದೆಗಳ ದೊಡ್ಡ ಕೊರತೆಯೆಂದರೆ ನೋಡುವ ಕೋನ. ತಲೆಯನ್ನು ತುಸು ಮೇಲೆ ಕೆಳಗೆ ಮಾಡಿದರೂ ಬಣ್ಣ ಬದಲಾಗುತ್ತಿತ್ತು. ಹಾಗಿದ್ದರೆ ಎಷ್ಟು ಅಂಶಾಂಕನ ಮಾಡಿ ಏನು ಫಲ? 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆ ತಟ್ಟೆಯಾಕಾರದ ಅಣುಗಳ ತೆಳುಪೊರೆಯನ್ನು ತಯಾರಿಸಿ, ಪರದೆಗೆ ಅಂಟಿಸಿ, ಓರೆಯಾಗಿ ನೋಡಿದಾಗಿನ ಈ ದೋಷವನ್ನು ಬಹಳ ಮಟ್ಟಿಗೆ ತಗ್ಗಿಸಿತು. ಬೆಂಗಳೂರಿನಲ್ಲಿ ಶುದ್ಧ ಕುತೂಹಲದಿಂದ ನಡೆದ ಸಂಶೋಧನೆ ಹೀಗೆ ಮನೆಮನೆಯ ಪರದೆಯನ್ನು ಮುಟ್ಟಿತು.

ಚಪ್ಪಟೆ ಪರದೆಯ ಸಹಜ ವಕ್ರರೇಖೆ ಹಳೆಯ ನಳಿಕೆಯಂತೆ ಘಾತಸೂತ್ರದ್ದಲ್ಲ. ಆದರೂ ತಯಾರಕರು ಹಳೆಯ ಚಿತ್ರಗಳಿಗೆ ಹೊಂದಲೆಂದು ಮಾನಿಟರಿನ ಒಳಗೇ ಗ್ಯಾಮಾ 2.2ನ್ನು ಅನುಕರಿಸುವ ಇನ್ನೊಂದು ಕೋಷ್ಟಕವಿಟ್ಟರು. ಈ ಎರಡನೆಯ ಕೋಷ್ಟಕ ನಮಗೆ ಬಹಳ ಮುಖ್ಯ. ಏಕೆಂದರೆ ಅದರ ಮೇಲೆ ಯಾವ ಆಟವೂ ಕೈಯಾಡಿಸುವುದಿಲ್ಲ.

ಕಾವಲುಗಾರರು ಬಂದರು

ಅಳಿಸಿದ ತಿದ್ದುಪಡಿಯನ್ನು ಮತ್ತೆ ಬರೆಯುವುದು ಮೊದಮೊದಲು ಬಳಕೆದಾರನ ಹೊಣೆಯಾಗಿತ್ತು. 2009ರಲ್ಲಿ ಬಂದ ವಿಂಡೋಸ್ 7, ಪ್ರೊಫೈಲಿನೊಳಗಿನ ಅಂಶಾಂಕನವನ್ನು ತಾನೇ ಕೋಷ್ಟಕಕ್ಕೆ ತುಂಬುವ ಸೌಲಭ್ಯ ಕೊಟ್ಟಿತು. ಗ್ರೇಮ್ ಗಿಲ್ ಅವರ ಆರ್ಗಿಲ್ ಎಂಬ ಮುಕ್ತ ತಂತ್ರಾಂಶವನ್ನು ಆಧರಿಸಿ ಬಂದ ಡಿಸ್‌ಪ್ಲೇಕ್ಯಾಲ್, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೋಷ್ಟಕವನ್ನು ಆಗಾಗ ಪರೀಕ್ಷಿಸಿ, ಬದಲಾಗಿದ್ದರೆ ಮತ್ತೆ ಬರೆಯುವ ಕಾವಲುಗಾರನನ್ನು ನೇಮಿಸಿತು. ಆದರೆ ಪರದೆಯ ಒಡೆತನವನ್ನೇ ತೆಗೆದುಕೊಂಡ ಆಟದ ಎದುರು ಕಾವಲುಗಾರ ಪ್ರತಿ ಬಾರಿಯೂ ಗೆಲ್ಲುತ್ತಾನೆಂಬ ಭರವಸೆ ಇಲ್ಲ.

ನಿಧಾನವಾಗಿ ಆಟಗಳೇ ಬದಲಾದವು. ಈಗಿನ ಹೆಚ್ಚಿನ ಆಟಗಳು ಹೊಳಪಿನ ತಿದ್ದುಪಡಿಯನ್ನು ಚಿತ್ರದ ಚುಕ್ಕೆಗಳಲ್ಲೇ ಲೆಕ್ಕಹಾಕುತ್ತವೆ, ಹಂಚಿಕೊಂಡ ಕೋಷ್ಟಕವನ್ನು ಮುಟ್ಟುವುದಿಲ್ಲ. ಅಂಚಿಲ್ಲದ ಕಿಟಕಿಯಾಗಿ ಪರದೆ ತುಂಬುವ ಆಯ್ಕೆ ಸಾಮಾನ್ಯವಾಗಿದೆ. ಹಳೆಯ ಗ್ಯಾಮಾ ಆದೇಶವನ್ನು ಬಳಸಬೇಡಿ ಎಂದು ಮೈಕ್ರೋಸಾಫ್ಟಿನ ಕೈಪಿಡಿಯೇ ಈಗ ಸಲಹೆ ಮಾಡುತ್ತದೆ. 2022ರಲ್ಲಿ ವಿಂಡೋಸ್ 11ಕ್ಕೆ ಬಂದ ಪರಿಷ್ಕರಣೆ, ತಕ್ಕ ಯಂತ್ರಗಳಲ್ಲಿ ಬಣ್ಣದ ನಿರ್ವಹಣೆಯನ್ನು ವ್ಯವಸ್ಥೆಯ ಮಟ್ಟದಲ್ಲೇ ಮಾಡುವ ಸೌಲಭ್ಯ ತಂದಿತು. ಆದರೆ ನಮ್ಮ ಶಾಲಾ ಕಾಲೇಜುಗಳಲ್ಲಿ ಹಳೆಯ ಯಂತ್ರ, ಹಳೆಯ ಆಟಗಳು ಇನ್ನೂ ಇವೆ. ಸಾಲದೆಂಬಂತೆ, ರಾತ್ರಿ ಪರದೆಯನ್ನು ಕೆಂಪಗಾಗಿಸುವ ತಂತ್ರಾಂಶಗಳಲ್ಲಿ ಕೆಲವು ಇದೇ ಹಲಗೆಯ ಮೇಲೆ ಬರೆಯುತ್ತವೆ. ಇಬ್ಬರ ಜಗಳಕ್ಕೆ ಮೂರನೆಯವರು ಸೇರಿದಂತಾಯಿತು.

ಗೂಡು, ಎಲೆ ಮತ್ತು ಪರದೆ

ಇದು ಆಟಗಾರರ ಚಿಂತೆ ಮಾತ್ರವಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯವರಾದ ನೀವು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬಲ್ಲಿರಿ. ಮೈಸೂರು ತಳಿಯ ಬೆರಕೆಯಿಂದ ಬರುವ ಮಿಶ್ರತಳಿ ಗೂಡು ಹಳದಿ, ದ್ವಿತಳಿ ಗೂಡು ಬಿಳಿ. ಕಣ್ಣೆದುರು ರಾಶಿಯಿದ್ದಾಗ ಮಗುವೂ ಬೇರೆ ಮಾಡಬಲ್ಲದು. ಗೂಡಿನ ಚಿತ್ರವನ್ನು ಪಾಠಕ್ಕಾಗಿ ಪರದೆಯಲ್ಲಿ ತೋರಿಸುವಾಗಲೋ? ಕೆಂಪು 240, ಹಸಿರು 238, ನೀಲಿ 232 ಎಂದು ದಾಖಲಾದ ಬಿಳಿಗೂಡನ್ನು ನೀಲಿ ಕುಂದಿದ ಪರದೆಯಲ್ಲಿ ತೋರಿಸಿದರೆ ಅದು ಹಳದಿಗೆ ತಿರುಗುತ್ತದೆ. ತರಗತಿಯಲ್ಲಿ ಕೂತ ವಿದ್ಯಾರ್ಥಿ ಕಲಿಯುವುದು ತಪ್ಪು ಬಣ್ಣ.

ಚಿಂತಾಮಣಿ ತಾಲ್ಲೂಕಿನ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ರೈತರು ಬೆಳೆಯ ಚಿತ್ರ ತೆಗೆದು ತಜ್ಞರಿಗೆ ಕಳಿಸುವುದು ಈಗ ಎಲ್ಲೆಡೆಯ ರೂಢಿ. ಸಾರಜನಕದ ಕೊರತೆಯಾದರೆ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣದ ಕೊರತೆಯಾದರೆ ಎಳೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಈ ವಿನ್ಯಾಸವನ್ನು ಯಾವ ಪರದೆಯೂ ಮರೆಮಾಡದು. ಆದರೆ ಈಗಷ್ಟೇ ಶುರುವಾದ ತೆಳು ಹಳದಿಯನ್ನು ಹಸಿರಿನಿಂದ ಬೇರ್ಪಡಿಸಲು ಪರದೆ ಸರಿಯಾಗಿರಲೇಬೇಕು.

ಕಣ್ಣೇ ಇದನ್ನು ಹಿಡಿಯಲಾರದೆ? ಹಿಡಿಯುವುದು ಕಷ್ಟ. ನೀಲಿಯಾದ ಪರದೆಯನ್ನು ಕೆಲವು ನಿಮಿಷ ನೋಡಿದರೆ ಕಣ್ಣು ಅದಕ್ಕೆ ಒಗ್ಗಿ, ಅದನ್ನೇ ಬಿಳಿ ಎಂದು ಒಪ್ಪಿಕೊಳ್ಳುತ್ತದೆ. ಸಂಜೆಯ ಬಲ್ಬಿನ ಬೆಳಕಿನಲ್ಲೂ ಬಿಳಿಯ ಪಂಚೆ ಬಿಳಿಯಾಗಿಯೇ ಕಾಣುವುದು ಈ ಗುಣದಿಂದ. ಬದುಕಿಗೆ ಉಪಕಾರಿಯಾದ ಗುಣ ಅಳತೆಗೆ ಅಪಾಯಕಾರಿ.

ನೀವೇ ಮಾಡಿ ನೋಡಿ

ಉಪಕರಣವಿಲ್ಲದೆ ಗ್ಯಾಮಾ ಪರೀಕ್ಷಿಸುವ ಒಂದು ಪ್ರಯೋಗ ಹೀಗಿದೆ. ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಒಂದು ಚೌಕದೊಳಗೆ ಒಂದು ಸಾಲು ಕಪ್ಪು, ಒಂದು ಸಾಲು ಬಿಳಿ, ಹೀಗೆ ಒಂದೊಂದೇ ಚುಕ್ಕೆ ದಪ್ಪದ ಅಡ್ಡಗೆರೆಗಳನ್ನು ತುಂಬಿ. ಅದರ ಪಕ್ಕದಲ್ಲಿ ಮೂರೂ ಬೆಲೆ 186 ಇರುವ ಬೂದು ಚೌಕವನ್ನು ಇಡಿ. ಚಿತ್ರವನ್ನು ಹಿಗ್ಗಿಸದೆ ಕುಗ್ಗಿಸದೆ ಪರದೆಯಲ್ಲಿ ತೆರೆದು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ಗೆರೆಗಳು ಬೆರೆತು ಅರ್ಧ ಬೆಳಕಾಗುತ್ತವೆ. ಎರಡೂ ಚೌಕಗಳು ಒಂದೇ ಹೊಳಪಿನಲ್ಲಿ ಕಂಡರೆ ಗ್ಯಾಮಾ 2.2ಕ್ಕೆ ಹತ್ತಿರವಿದೆ. ಆಟ ಆಡುವ ಮುನ್ನ ಒಮ್ಮೆ, ಆಡಿದ ಮೇಲೆ ಒಮ್ಮೆ ನೋಡಿ ಹೋಲಿಸಿ.

ಎರಡನೆಯ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಆಟದ ನಡುವೆ ಪರದೆಯ ಚಿತ್ರವನ್ನು ಕೀಲಿಮಣೆಯಿಂದಲೇ ಸೆರೆಹಿಡಿಯಿರಿ. ಹೀಗೆ ಸೆರೆಯಾಗುವುದು ಕೋಷ್ಟಕಕ್ಕೆ ಮುಂಚಿನ ಸಂಖ್ಯೆಗಳು. ಆಟ ಮುಗಿಸಿ, ಯಂತ್ರವನ್ನು ಮರುಚಾಲನೆ ಮಾಡಿ ಆ ಚಿತ್ರವನ್ನು ತೆರೆಯಿರಿ. ಆಟದಲ್ಲಿ ಕಂಡದ್ದಕ್ಕಿಂತ ಅದು ಮಂಕಾಗಿಯೋ ಬೇರೆ ಬಣ್ಣದಲ್ಲೋ ಕಂಡರೆ ಆಟವು ಕೋಷ್ಟಕವನ್ನು ತಿದ್ದಿದ್ದಕ್ಕೆ ಬಲವಾದ ಸುಳಿವು ಸಿಕ್ಕಂತೆ.

ಬಣ್ಣ ಸ್ಥಿರವಾಗಿರಬೇಕಾದರೆ ಕೆಲಸದ ಕ್ರಮವೂ ಈ ಚರಿತ್ರೆಯಿಂದಲೇ ಹೊರಡುತ್ತದೆ. ಮೊದಲು ಮಾನಿಟರಿನ ಸ್ವಂತ ಗುಂಡಿಗಳಿಂದ ಹೊಳಪನ್ನೂ ಕೆಂಪು, ಹಸಿರು, ನೀಲಿಯ ಪ್ರಮಾಣವನ್ನೂ ಆದಷ್ಟು ಸರಿ ಮಾಡಿ. ಎಸ್‌ಆರ್‌ಜಿಬಿ ಎಂಬ ಆಯ್ಕೆಯಿದ್ದರೆ ಅದನ್ನು ಬಳಸಿ. ಅಲ್ಲಿ ಮಾಡಿದ ತಿದ್ದುಪಡಿ ಯಾವ ಆಟಕ್ಕೂ ಎಟುಕದು. ಬಣ್ಣದ ವ್ಯಾಪ್ತಿ ಹೆಚ್ಚಿರುವ ಮಾನಿಟರುಗಳಲ್ಲಿ ಪ್ರೊಫೈಲ್ ಓದದ ಆಟಗಳ ಬಣ್ಣ ಅತಿಯಾಗಿ ಕಾಣುವುದನ್ನೂ ಇದೇ ಆಯ್ಕೆ ತಡೆಯುತ್ತದೆ. ಉಳಿದ ಸ್ವಲ್ಪ ತಿದ್ದುಪಡಿಯನ್ನು ಮಾತ್ರ ಕಾರ್ಡಿನ ಕೋಷ್ಟಕಕ್ಕೆ ಬಿಡಿ. ಇದರಿಂದ ಇನ್ನೊಂದು ಲಾಭವೂ ಇದೆ. ಕೋಷ್ಟಕದಲ್ಲಿ ನೀಲಿಯ ಗರಿಷ್ಠ ಬೆಲೆಯನ್ನು ಶೇಕಡಾ 85ಕ್ಕೆ ಇಳಿಸಿದರೆ, 8 ಬಿಟ್‌ಗಳ ಹಾದಿಯಲ್ಲಿ 256 ಮಟ್ಟಗಳ ಬದಲು ಸುಮಾರು 217 ಮಾತ್ರ ಉಳಿಯುತ್ತವೆ. ಆಕಾಶದ ಚಿತ್ರದಲ್ಲಿ ಪಟ್ಟೆಗಳು ಮೂಡಬಹುದು. ಆಟವನ್ನು ಅಂಚಿಲ್ಲದ ಕಿಟಕಿಯಲ್ಲಿ ಆಡಿಸಿ. ಆಟದ ಒಳಗಿನ ಗ್ಯಾಮಾ ಅಥವಾ ಹೊಳಪಿನ ಗುಂಡಿಯನ್ನು ಮೂಲ ಸ್ಥಿತಿಯಲ್ಲೇ ಬಿಡಿ. ಆಟ ಮುಗಿದ ಮೇಲೆ ಪ್ರೊಫೈಲನ್ನು ಮತ್ತೊಮ್ಮೆ ತುಂಬಿಸಿ.

ಅಧ್ಯಾಪಕರು ಇದನ್ನು ಮಾಪನದ ಪಾಠವಾಗಿಯೇ ಬಳಸಬಹುದು. ಶೂನ್ಯ ದೋಷವನ್ನು ಪ್ರತಿ ಪ್ರಯೋಗಕ್ಕೂ ಮುನ್ನ ನೋಡಿಕೊಳ್ಳಬೇಕೆಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ನಿನ್ನೆ ಸರಿಯಿದ್ದ ಉಪಕರಣ ಇಂದೂ ಸರಿಯಿದೆ ಎಂದು ನಂಬುವಂತಿಲ್ಲ, ಏಕೆಂದರೆ ನಡುವೆ ಬೇರೆ ಕೈಗಳು ಅದನ್ನು ಬಳಸಿವೆ. ಪರದೆಯೂ ಹಾಗೆಯೇ. ನಾಳೆ ತರಗತಿಯಲ್ಲಿ ಬಣ್ಣದ ಚಿತ್ರ ತೋರಿಸುವ ಮುನ್ನ ಆ ಎರಡು ಬೂದು ಚೌಕಗಳನ್ನು ಒಮ್ಮೆ ತೆರೆದು ನೋಡಿ. ಅರ್ಧ ನಿಮಿಷದ ಕೆಲಸ.